ಓಬಮ್ಮನ ಹೋಟೆಲಿನ ಇಡುಮದ್ದು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಕಡೂರು ಪೊಲೀಸ್ ಠಾಣೆಗೆ ಬಂದ ದೂರು ಒಂದು ಸ್ಟೀಲ್ ಡಬ್ಬಿಯೊಳಗಿತ್ತು. ಡಬ್ಬಿ ತಂದವಳು ತೆಂಗಿನಕಾಯಿ ಮಂಡಿಯ ಹಿಂದಿನ ಬೀದಿಯ ಕರಿಬಸಮ್ಮ. ಲಗೇಜ್ ಆಟೊ ಓಡಿಸುವ ಅವಳ ಮಗ ಬಸವೇಶ್ ಅವಳ ಬೆನ್ನ ಹಿಂದೆ ತಲೆ ತಗ್ಗಿಸಿಕೊಂಡು ನಿಂತಿದ್ದ.

ಹೆಡ್ ಕಾನ್‌ಸ್ಟೆಬಲ್ ದೊಡ್ಡಬೀರಪ್ಪ ಮುಚ್ಚಳ ತೆಗೆದು ಇಣುಕಿದ. ಹುಣಸೆಬೀಜದಷ್ಟು ದಪ್ಪದ ಒಂದು ಉಂಡೆ. ಕರ್ರಗೆ, ಅಂಟಂಟಾಗಿ, ಮೈತುಂಬ ಕೂದಲು ಮೆತ್ತಿಕೊಂಡಿತ್ತು.

"ಏನಮ್ಮಾ ಇದು?"

"ಮದ್ದು ಕಣಪ್ಪಾ, ಇಡುಮದ್ದು. ನನ್ ಮಗನ ಹೊಟ್ಟೇಲಿತ್ತು."

"ತೆಗೆದೋರು ಯಾರು?"

"ಅಜ್ಜಂಪುರದ ಹಾಲಪ್ಪಜ್ಜ. ಹೊಕ್ಕುಳಿಗೆ ಹಿತ್ತಾಳೆ ಕೊಳವೆ ಇಟ್ಟು, ಬಾಯಲ್ಲಿ ಸೆಳೆದು, ತುಪ್ ಅಂತ ಅಂಗೈಗೆ ಉಗಿದ. ಬೆಂಕಿಗೆ ಹಾಕಕ್ಕೆ ಹೋದ, ನಾನು ಕೈ ಹಿಡ್ಕಂಡು ಕಿತ್ಕಂಡೆ. ಸುಟ್ಟು ಬೂದಿಯಾದ್ರೆ ನಾಳೆ ನೀವೇ ಕೇಳಲ್ವಾ, ಎಲ್ಲಮ್ಮಾ ಸಾಕ್ಷಿ ಅಂತ?"

"ಇಟ್ಟೋರು?"

"ಇನ್ಯಾರು, ಬಸ್‌ಸ್ಟ್ಯಾಂಡ್ ಹೋಟೆಲ್ ಓಬಮ್ಮ. ಅಜ್ಜ ಕಣ್ಮುಚ್ಕಂಡು ಹೇಳ್ದ. ಗಲ್ಲದ ಮೇಲೆ ಮಚ್ಚೆ, ಕೈಯಾಗೆ ಸೌಟು. ಗಿರಾಕಿ ಕೈತಪ್ಪಬಾರ್ದು ಅಂತ ಸಾರಿನಾಗೆ ಮದ್ದು ಕದಡ್ತಾಳಂತೆ."

ದೊಡ್ಡಬೀರಪ್ಪನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಆ ಬೆಳಿಗ್ಗೆ ಅವನು ಓಬಮ್ಮನ ಹೋಟೆಲಿನಲ್ಲೇ ಇಡ್ಲಿ ತಿಂದು, ಸಾರನ್ನು ಎರಡು ಸಲ ಹಾಕಿಸಿಕೊಂಡು ಬಂದಿದ್ದ.

ಅಷ್ಟರಲ್ಲಿ ಸುದ್ದಿ ತಿಳಿದು ಓಬಮ್ಮ ಓಡಿಬಂದಳು. ಒಲೆ ಮುಂದಿನಿಂದ ಎದ್ದು ಬಂದವಳು ಸೌಟು ಕೆಳಗಿಡಲು ಮರೆತಿದ್ದಳು.

"ನೋಡ್ರೀ ನೋಡ್ರೀ! ಸೌಟು!" ಎಂದು ಕರಿಬಸಮ್ಮ ಕೂಗಿದಳು.

"ಸಾರು ಬಡಿಸೋಳ ಕೈಲಿ ಸೌಟಿರದೆ ಕೊಡಲಿ ಇರ್ತದೇನೇ?" ಎಂದಳು ಓಬಮ್ಮ. ಆಮೇಲೆ ಡಬ್ಬಿಯೊಳಗೆ ನೋಡಿದಳು. ಅವಳ ದನಿ ಇಳಿಯಿತು. "ಇಪ್ಪತ್ತು ವರ್ಷದಿಂದ ಈ ಊರಿಗೆ ಉಣ್ಣಕ್ಕಿಕ್ಕಿದೀನಿ ಕಣಪ್ಪಾ ಬೀರಪ್ಪ. ಮದ್ದಿನ ಕೈ ಅಂತ ಹೆಸರು ಬಂದ್ರೆ ನಾಳೆಯಿಂದ ನನ್ ಕೈಯ ನೀರೂ ಯಾರೂ ಮುಟ್ಟಲ್ಲ. ಬಾಗ್ಲು ಹಾಕ್ಕಂಡು ಎಲ್ಲಿಗೋಗ್ಲಿ?"

ಗದ್ದಲ ಕೇಳಿ ಸಬ್ ಇನ್ಸ್‌ಪೆಕ್ಟರ್ ವಿದ್ಯಾಶ್ರೀ ಹೊರಗೆ ಬಂದರು. ಅವರು ಇಬ್ಬರು ಹೆಂಗಸರನ್ನೂ ಬಿಟ್ಟು ನೇರ ಬಸವೇಶನ ಎದುರು ನಿಂತರು.

"ಹೊಟ್ಟೆನೋವು ಯಾವಾಗಿಂದ?"

"ಶುಕ್ರವಾರದಿಂದ ಮೇಡಂ."

"ಗುರುವಾರ ಏನು ತಿಂದೆ?"

"ಓಬಮ್ಮನೋರ ಹತ್ರ ಊಟ."

"ಆಮೇಲೆ?"

ಬಸವೇಶ್ ತಾಯಿಯ ಮುಖ ನೋಡಿದ. "ಬೀರೂರಲ್ಲಿ ಮಿರ್ಚಿ."

"ಎಷ್ಟು?"

"ಲೆಕ್ಕ ಇಡ್ಲಿಲ್ಲ ಮೇಡಂ. ಪಂಥ ಕಟ್ಟಿದ್ರು."

"ಗೆದ್ದೆಯಾ?"

"ಗೆದ್ದೆ ಮೇಡಂ," ಎಂದ ಬಸವೇಶ್, ಮೊದಲ ಸಲ ತಲೆ ಎತ್ತಿ.

ವಿಷಪ್ರಾಶನದ ಅನುಮಾನ ಎಂದು ಲಿಖಿತ ದೂರು ಕೊಟ್ಟ ಮೇಲೆ ಪೊಲೀಸರು ಕೈಕಟ್ಟಿ ಕೂರುವಂತಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಎಫ್ಐಆರ್ ಆಯಿತು. ಇಬ್ಬರು ಪಂಚರ ಸಮಕ್ಷಮ ಉಂಡೆಯ ಪಂಚನಾಮೆ ಆಯಿತು. ದೊಡ್ಡಬೀರಪ್ಪ ಉಂಡೆಯನ್ನು ಸಣ್ಣ ಶೀಸೆಗೆ ಹಾಕಿ, ಮುಚ್ಚಳ ಬಿಗಿದು, ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿದ. ಉಂಡೆಯನ್ನು ಶೀಸೆಗೆ ಹಾಕುವ ಮೊದಲೇ ದಾರ ಕತ್ತರಿಸಿಟ್ಟುಕೊಳ್ಳಬೇಕಿತ್ತು. ಠಾಣೆಯ ಕತ್ತರಿ ಯಾವತ್ತೂ ಸಿಗುವುದಿಲ್ಲ. ಉಂಡೆ ಮುಟ್ಟಿದ ಬೆರಳಲ್ಲೇ ದಾರ ಎತ್ತಿ, ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಮಾಡಿಕೊಂಡು ಬಂದಂತೆ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದ.

ಆ ವಾರವೇ ಓಬಮ್ಮನ ಹೋಟೆಲು ಬಣಗುಟ್ಟಿತು. ತಮಾಷೆಯೆಂದರೆ, ಅವಳ ಅಡುಗೆಯನ್ನು ಹೆಚ್ಚು ಹೊಗಳುತ್ತಿದ್ದವರೇ ಮದ್ದನ್ನು ಮೊದಲು ನಂಬಿದರು. "ನಾನೂ ಯೋಚನೆ ಮಾಡ್ತಿದ್ದೆ ಕಣ್ರೀ, ಮನೇಲಿ ಹೆಂಡ್ತಿ ಅಡುಗೆ ಮಾಡಿಟ್ಟಿದ್ರೂ ಕಾಲು ಅತ್ಲಾಗೇ ಯಾಕೆ ಹೋಗ್ತದೆ ಅಂತ," ಎಂದ ಒಬ್ಬ ಮಂಡಿ ವ್ಯಾಪಾರಿ. ಅವನ ಹೆಂಡತಿ ಅದನ್ನು ಬೀದಿಗೆಲ್ಲ ಹಂಚಿದಳು. ಗಂಡ ತನ್ನ ಅಡುಗೆ ಬಿಟ್ಟು ಓಡುತ್ತಿದ್ದುದಕ್ಕೆ ಕೊನೆಗೂ ಒಂದು ಮರ್ಯಾದಸ್ಥ ಕಾರಣ ಸಿಕ್ಕಿತ್ತಲ್ಲ. ಓಬಮ್ಮ ಮಾತ್ರ ಎಂದಿನಂತೆ ಒಲೆ ಹಚ್ಚಿದಳು, ಎಂದಿನಷ್ಟೇ ಅಕ್ಕಿ ಹಾಕಿದಳು. ಮಧ್ಯಾಹ್ನ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಕೂತು ತಾನೇ ಒಂದು ತಟ್ಟೆ ಉಂಡಳು. ಉಳಿದದ್ದು ದನಗಳಿಗೆ ಹೋಯಿತು. ದೊಡ್ಡಬೀರಪ್ಪ ಹಿಂದಿನ ಬೀದಿಯಿಂದ ಸುತ್ತು ಹಾಕಿ ಠಾಣೆಗೆ ಬರತೊಡಗಿದ.

ಬೆಂಗಳೂರಿಗೆ ಕಳಿಸಿದ್ದ ಉಂಡೆ ಪ್ರಯೋಗಾಲಯದ ಮೊದಲ ವರದಿಯ ಜೊತೆ ವಾಪಸ್ ಬಂತು. ಕೂದಲು, ಬೆಲ್ಲ, ತುಪ್ಪ, ಮಸಿ. ವಿಷ ಇಲ್ಲ. ವಿದ್ಯಾಶ್ರೀ ನಿಟ್ಟುಸಿರುಬಿಟ್ಟು ಕರಿಬಸಮ್ಮನನ್ನು ಕರೆಸಿ ಓದಿ ಹೇಳಿದರು.

"ನೋಡಿದ್ರಾ ಮೇಡಮ್ಮ," ಎಂದಳು ಕರಿಬಸಮ್ಮ ಗೆದ್ದ ದನಿಯಲ್ಲಿ. "ಬೆಂಗ್ಳೂರಿನ ಮಿಷನ್‌ಗೂ ಸಿಗದಂಥ ಮದ್ದು ಇಟ್ಟವಳೆ!"

ಸಂಜೆಯೊಳಗೆ ಇದೇ ಊರ ಮಾತಾಯಿತು. ವರದಿ ಬಾರದಿದ್ದರೇ ಓಬಮ್ಮನಿಗೆ ಚೆನ್ನಾಗಿತ್ತು.

ವಿದ್ಯಾಶ್ರೀ ಪೆನ್ನಿನ ತುದಿ ಕಡಿಯುತ್ತ ಕೂತರು. "ಬೀರಪ್ಪನೋರೇ, ನಾವು ಕೇಳಿದ ಪ್ರಶ್ನೆಯೇ ಸರಿಯಿಲ್ಲ. ಅದು ಏನು ಅಂತ ಕೇಳಿದ್ವಿ. ಅದು ಎಲ್ಲಿತ್ತು ಅಂತ ಕೇಳಬೇಕು. ಹೊಟ್ಟೆಯಲ್ಲಿ ಇದ್ದದ್ದೇ ನಿಜವಾದರೆ ಅದರ ಮೈಮೇಲೆ ಹೊಟ್ಟೆಯ ಗುರುತು ಇರಬೇಕು."

ಅವರ ಗೆಳತಿ ಶ್ರೇಯಾ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಳು. ನ್ಯಾಯಾಲಯದ ಅನುಮತಿ ಪಡೆದು, ದೊಡ್ಡಬೀರಪ್ಪನೇ ಶೀಸೆ ಹಿಡಿದು ಕಡೂರಿನಲ್ಲಿ ರೈಲು ಹತ್ತಿದ. ಅಲ್ಲಿ ಶ್ರೇಯಾ ಅವನಿಗೆ ಚಪ್ಪಲಿ ಬಿಡಿಸಿ, ತಲೆಗೆ ಟೋಪಿ ಹಾಕಿಸಿ, ಗಾಜಿನ ಪೆಟ್ಟಿಗೆಯೊಳಗಿನ ಯಂತ್ರ ತೋರಿಸಿದಳು.

"ಇದಕ್ಕೊಂದು ಸೂಜಿ ಇದೆ ಸರ್. ಅದರ ತುದಿಯಲ್ಲಿ ಮುಟ್ಟಿ ನೋಡ್ತೀವಿ."

"ಎಲ್ಲಿದೆ ಸೂಜಿ? ಕಾಣ್ತಿಲ್ಲ."

"ಅದರ ತುದಿ ನನಗೂ ಕಾಣಲ್ಲ."

"ಮತ್ತೆ ಕಳೆದುಹೋದ್ರೆ ಹೆಂಗಮ್ಮಾ ಕಂಪ್ಲೇಂಟ್ ಕೊಡ್ತೀರಿ?"

ಶ್ರೇಯಾ ನಕ್ಕಳು. "ಸೂಜಿಯ ತುದಿಗೆ ಅತಿಗೆಂಪು ಬೆಳಕು ಬಿಡ್ತೀವಿ. ಕಣ್ಣಿಗೆ ಕಾಣದ ಬೆಳಕು ಅದು. ಒಂದೊಂದು ವಸ್ತುವಿನ ಅಣುಗಳೂ ಆ ಬೆಳಕಿಗೆ ಒಂದೊಂದು ತರಹ ನಡುಗ್ತವೆ. ತುಪ್ಪದ ನಡುಕ ಬೇರೆ, ಕೂದಲಿನ ನಡುಕ ಬೇರೆ. ಆ ನಡುಕ ಓದಿದ್ರೆ ಏನಿದೆ ಅಂತ ಗೊತ್ತಾಗುತ್ತೆ. ಸೂಜಿಯ ತುದಿ ಅಷ್ಟು ಸಣ್ಣ ಇರೋದ್ರಿಂದ ಒಂದು ಕೂದಲನ್ನ ಸಾವಿರ ಸೀಳು ಮಾಡಿದ್ರೆ ಎಷ್ಟು ದಪ್ಪ ಬರುತ್ತೋ, ಅಷ್ಟು ತೆಳು ಪದರವನ್ನೂ ಬಿಡಿಸಿ ಓದಬಹುದು. ನ್ಯಾನೊ ಅಂತೀವಲ್ಲ, ಆ ಅಳತೆ."

ದೊಡ್ಡಬೀರಪ್ಪ ಯೋಚಿಸಿದ. ಮಂಡಿಯಲ್ಲಿ ಕಾಯಿ ಆಯುವವರು ಸಿಪ್ಪೆ ಬಿಚ್ಚದೆ, ಬೆರಳಲ್ಲಿ ಹೊಡೆದು ಸದ್ದು ಕೇಳಿಯೇ ಒಳಗೆ ಕೊಬ್ಬರಿಯೋ ಕೊಳೆಯೋ ಹೇಳುತ್ತಾರೆ. "ತಿಳೀತು ಬಿಡಮ್ಮ. ತಟ್ಟಿ ನೋಡೋದು," ಎಂದ.

ಎರಡು ವಾರದ ಮೇಲೆ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಶ್ರೇಯಾಳ ವರದಿ ಬಂತು. ವಿದ್ಯಾಶ್ರೀ ಗಟ್ಟಿಯಾಗಿ ಓದಿದರು. ಉಂಡೆಯನ್ನು ಹಾಳೆಗಿಂತ ತೆಳುವಾಗಿ ಸೀಳಿ ನೋಡಿದಾಗ ಒಳಗೆ ಈರುಳ್ಳಿಯಂತೆ ಪದರದ ಮೇಲೆ ಪದರ. ಜೊಲ್ಲಿನ ಪದರ, ಅದರ ಮೇಲೆ ತುಪ್ಪ ಮಸಿ, ಮತ್ತೆ ಜೊಲ್ಲು, ಮತ್ತೆ ತುಪ್ಪ ಮಸಿ. ಹೊಟ್ಟೆಯ ಗುರುತು ಎಲ್ಲೂ ಇಲ್ಲ. ಪ್ರತಿ ಸಲ ಹೊಗೆಗೆ ಹಿಡಿದು ಕಾಯಿಸಿದ್ದರಿಂದ ಡಿಎನ್ಎ ಕೆಟ್ಟುಹೋಗಿದೆ. ಆದರೆ ಪ್ರತಿಯೊಂದು ಜೊಲ್ಲಿನ ಪದರದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಕಣಗಳಿವೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಮಾಡುವ ಪ್ಲಾಸ್ಟಿಕ್.

"ಅಂದ್ರೆ," ಎಂದರು ವಿದ್ಯಾಶ್ರೀ, "ಈ ಉಂಡೆ ಒಬ್ಬರ ಹೊಟ್ಟೆಯಿಂದ ಬಂದದ್ದಲ್ಲ. ಕಟ್ಟಿದ ಹಲ್ಲಿರೋ ಒಂದು ಬಾಯಿಗೆ ಮತ್ತೆ ಮತ್ತೆ ಹೋಗಿ ಬಂದದ್ದು. ಅಜ್ಜ ಬೆಂಕಿಗೆ ಹಾಕೋ ಹಾಗೆ ಮಾಡಿ ಜೇಬಿಗೆ ಹಾಕ್ಕೊಳ್ತಿದ್ದ. ಕರಿಬಸಮ್ಮ ಕಿತ್ಕೊಂಡು ಕೆಡಿಸಿದಳು."

ಕಾನ್‌ಸ್ಟೆಬಲ್ ಹೊನ್ನೇಶ್ ತಲೆ ಕೆರೆದುಕೊಂಡ. "ಹಾಲಪ್ಪಜ್ಜಂಗೆ ಕಟ್ಟಿದ ಹಲ್ಲಾ? ಎಪ್ಪತ್ತೈದರಾಗೂ ಒಣಕೊಬ್ಬರಿ ಕಡೀತಾನೆ ಮೇಡಂ. ಅವನ ಹಲ್ಲು ನೋಡೇ ಅರ್ಧ ಜನ ನಂಬೋದು. ಈ ಕೇಸಿನಾಗೆ ಕಟ್ಟಿದ ಹಲ್ಲಿನೋರು ಬೇರೆ ಯಾರವ್ರೆ?"

ದೊಡ್ಡಬೀರಪ್ಪ ಬಾಯಿಗೆ ಕೈ ಅಡ್ಡ ಹಿಡಿದ. ತನ್ನ ಮೇಲಿನ ಸಾಲು ಪೂರ್ತಿ ಕಟ್ಟಿದ್ದೆಂದು ಅವನ ಹೆಂಡತಿಯ ಹೊರತು ಯಾರಿಗೂ ಗೊತ್ತಿರಲಿಲ್ಲ. ದಾರ ಕಚ್ಚುವಾಗ ಬಾಯಿಗೆ ತಾಗಿದ ಬೆರಳಲ್ಲೇ ಮತ್ತೆ ಉಂಡೆ ಮುಟ್ಟಿದ್ದೂ ನೆನಪಾಯಿತು. ತನ್ನಿಂದ ಕೇಸು ಕೆಟ್ಟರೆ ಓಬಮ್ಮನ ಒಲೆ ಆರಿದಂತೆಯೇ.

ಅವನು ಎದ್ದು ನಿಂತು ಸಲ್ಯೂಟ್ ಹೊಡೆದ. ಆಮೇಲೆ ಮೇಲಿನ ಸೆಟ್ ತೆಗೆದು ಮೇಜಿನ ಮೇಲೆ, ಪೇಪರ್‌ವೇಟ್ ಪಕ್ಕದಲ್ಲಿ ಇಟ್ಟ.

"ಬೀರಪ್ಪನೋರೇ!"

"ದಾರ ಕಚ್ಚಿದ್ದೆ ಮೇಡಂ. ಬರ್ಕೊಳ್ಳಿ."

ಮಧ್ಯಾಹ್ನ ಎರಡೂವರೆಗೆ ಹೆಡ್ ಕಾನ್‌ಸ್ಟೆಬಲ್ಲನ ಹಲ್ಲಿನ ಪಂಚನಾಮೆ ನಡೆಯಿತು. ಹೊನ್ನೇಶ್ ನಗು ತಡೆಯಲು ಎರಡು ಸಲ ಹೊರಗೆ ಹೋಗಿ ಬಂದ. 'ಮೇಲ್ದವಡೆಯ ಸೆಟ್ ಒಂದು, ತಿಳಿಗೆಂಪು ವಸಡು, ಎಡಗಡೆ ಎಲೆಅಡಿಕೆ ಕಲೆ' ಎಂದು ಬರೆದು, ಸೆಟ್ಟನ್ನು ಹೋಲಿಕೆಗಾಗಿ ಬೆಂಗಳೂರಿಗೆ ಕಳಿಸಿದರು. ಈ ಸಲ ದಾರವನ್ನು ಬ್ಲೇಡಿನಲ್ಲಿ ಕೊಯ್ದರು. ದೊಡ್ಡಬೀರಪ್ಪ ಗಂಜಿ ಕುಡಿದುಕೊಂಡು ಕಾದ.

ಶನಿವಾರ ಶ್ರೇಯಾ ಫೋನ್ ಮಾಡಿದಳು. "ಸರ್ ಹೆದರಬೇಡಿ. ನಿಮ್ಮ ಕಣ ಸಿಕ್ಕಿದ್ರೂ ಮೇಲ್ಮೈ ಮೇಲಷ್ಟೇ ಸಿಗಬೇಕು. ಒಳಪದರಗಳು ನೀವು ಡಬ್ಬಿ ತೆಗೆಯೋ ಮೊದಲೇ ಮುಚ್ಚಿಹೋಗಿದ್ವು, ಅಲ್ಲಿಗೆ ನಿಮ್ಮ ಹಲ್ಲು ಹೋಗೋಕೆ ಸಾಧ್ಯವೇ ಇಲ್ಲ. ಆದ್ರೆ ಒಂದು ವಿಚಿತ್ರ. ಒಳಗಿನ ಕಣಗಳಲ್ಲಿ ಪ್ಲಾಸ್ಟಿಕ್ ಜೊತೆ ಸುಣ್ಣದ ಪುಡಿ ತರಹದ್ದು ಬೆರೆತಿದೆ. ಸಾಮಾನ್ಯವಾಗಿ ಹಲ್ಲಿನ ಸೆಟ್‌ಗೆ ಅದನ್ನ ಹಾಕಲ್ಲ. ನಿಮ್ಮ ಸೆಟ್‌ನಲ್ಲೂ ಅದೇ ಮಿಶ್ರಣ ಇದೆ. ನೀವು ಎಲ್ಲಿ ಕಟ್ಟಿಸಿದ್ರಿ?"

"ತರೀಕೆರೆಯಾಗಮ್ಮ. ಸಂತೆ ಬೀದಿ ರವಿಕುಮಾರ. ಬಾಳಿಕೆ ಬರ್ತದೆ ಅಂದಿದ್ದ," ಎಂದ ದೊಡ್ಡಬೀರಪ್ಪ. ಅಲ್ಲೇ ಕಟ್ಟಿಸಿಕೊಂಡ ಇನ್ನೊಂದು ಬಾಯಿ ಇದೆ ಎಂದಾಯಿತು. ಹಲ್ಲಿಲ್ಲದಿದ್ದರೂ ಅವನ ಮುಖ ಅರಳಿತು.

ಸೋಮವಾರ ವಿದ್ಯಾಶ್ರೀ ಮತ್ತು ದೊಡ್ಡಬೀರಪ್ಪ ತರೀಕೆರೆಗೆ ಹೋದಾಗ ರವಿಕುಮಾರ ಅಂಗಡಿ ಬಾಗಿಲಲ್ಲಿ ಒಂದು ದವಡೆಗೆ ಪಾಲಿಶ್ ಹಾಕುತ್ತಿದ್ದ. ಪೊಲೀಸರನ್ನು ಕಂಡು ದವಡೆಯನ್ನೇ ಜೇಬಿಗೆ ಹಾಕಿಕೊಂಡ.

"ಪ್ಲಾಸ್ಟಿಕ್‌ಗೆ ಏನು ಬೆರೆಸ್ತೀಯ?"

"ಗಟ್ಟಿ ಬರ್ಲಿ ಅಂತ ಒಂಚೂರು ಸೀಮೆಸುಣ್ಣದ ಪುಡಿ ಮೇಡಂ. ನನ್ನದೇ ಹದ."

"ನನ್ ಬಾಯಾಗೆ ಸೀಮೆಸುಣ್ಣ ಇಟ್ಟಿದೀಯೇನೋ!" ಎಂದ ದೊಡ್ಡಬೀರಪ್ಪ.

"ಅಜ್ಜಂಪುರದ ಹಾಲಪ್ಪ ನಿನ್ನ ಗಿರಾಕಿಯಾ?"

ರವಿಕುಮಾರ ಅತ್ತ ಇತ್ತ ನೋಡಿದ. "ಯಾರಿಗೂ ಹೇಳಬಾರ್ದು ಅಂತ ಆಣೆ ಹಾಕಿಸ್ಕಂಡಿದ್ರು. ಎರಡು ಸಾಲೂ ನಂದೇ ಕೆಲಸ. ಮೇಲಿನದ್ರ ಒಳಗಡೆ ಒಂದು ಗುಳಿ ಬಿಡು ಅಂದ್ರು, ಹುಣಸೆಬೀಜ ಕೂರುವಷ್ಟು. ಯಾಕಜ್ಜಾ ಅಂದೆ. ಅಡಿಕೆ ಇಟ್ಕಳಕ್ಕೆ ಅಂದ್ರು."

"ಒಣಕೊಬ್ಬರಿ ಕಡಿಯೋದು?"

"ನೆನೆಸಿ ಒಣಗಿಸಿದ್ದು ಮೇಡಂ. ಮೇಲೆ ನೋಡಕ್ಕಷ್ಟೇ ಒಣಕಲು, ಒಳಗೆ ಮೆತ್ತಗೆ."

ಅಜ್ಜಂಪುರ ಠಾಣೆಗೆ ತಿಳಿಸಿ, ಮರುದಿನವೇ ದಾಳಿಗೆ ಸಿದ್ಧತೆಯಾಯಿತು. ರೋಗಿಯನ್ನು ಹುಡುಕಬೇಕಾಗಿರಲಿಲ್ಲ. ವಾರದಿಂದ ಗಂಜಿ ಕುಡಿದು, ಕೆನ್ನೆ ಒಳಗೆ ಹೋಗಿ, ದೊಡ್ಡಬೀರಪ್ಪನೇ ಮದ್ದು ತಿಂದವನಂತಾಗಿದ್ದ. ವಿದ್ಯಾಶ್ರೀ ನೂಲಿನ ಸೀರೆ ಉಟ್ಟು ಮಗಳಾದರು. ಪಂಚರ ಪೈಕಿ ಒಬ್ಬರು ನೆಂಟರ ವೇಷದಲ್ಲಿ ಒಳಗೆ ಬಂದರು. ಇನ್ನೊಬ್ಬರು ಹೊನ್ನೇಶನ ಜೊತೆ ಕಿಟಕಿಯ ಆಚೆ ನಿಂತರು.

ಹಾಲಪ್ಪಜ್ಜ ಬಿಳಿ ಟವೆಲ್ ಹೊದ್ದು ಕೂತಿದ್ದ. ಬಾಯಿ ತುಂಬ ಮುತ್ತು ಪೋಣಿಸಿದಂತೆ ಹಲ್ಲು. ದೊಡ್ಡಬೀರಪ್ಪ ಅಂಗಿ ಎತ್ತಿ ಚಾಪೆಯ ಮೇಲೆ ಮಲಗಿದ.

"ಎಷ್ಟು ದಿನದಿಂದ ಊಟ ಸೇರಲ್ಲ?"

"ವಾರ ಆಯ್ತಜ್ಜ," ಎಂದ ದೊಡ್ಡಬೀರಪ್ಪ. ಇದಂತೂ ಸತ್ಯ.

"ಕಡೂರಾಗೆ ಹೋಟ್ಲಲ್ಲಿ ಉಂಡಿದ್ದೆ, ಹೌದೋ ಅಲ್ವೋ? ಗಲ್ಲದ ಮೇಲೆ ಮಚ್ಚೆ. ಕೈಯಾಗೆ ಸೌಟು." ಅಜ್ಜ ಎಲೆಅಡಿಕೆಯ ತಟ್ಟೆಯತ್ತ ತಿರುಗಿ ಬಾಯಿಗೆ ಏನೋ ಹಾಕಿಕೊಂಡಂತೆ ಮಾಡಿದ. ಆಮೇಲೆ ಕೊಳವೆಯನ್ನು ಹೊಕ್ಕುಳಿಗೆ ಇಟ್ಟು ಸೆಳೆಯತೊಡಗಿದ. ದೊಡ್ಡಬೀರಪ್ಪನಿಗೆ ಕಚಗುಳಿ. ಇಲಾಖೆಯ ಮರ್ಯಾದೆ ನೆನೆದು ತಡೆದುಕೊಂಡ.

ಅಜ್ಜ ಕೊಳವೆ ಬಿಟ್ಟು ಅಂಗೈ ಒಡ್ಡಿದ. ವಿದ್ಯಾಶ್ರೀ ಗುರುತಿನ ಚೀಟಿ ಮುಂದೆ ಹಿಡಿದರು.

"ಉಗಿಬೇಡಿ ಅಜ್ಜ. ಹಂಗೇ ಬಾಯಿ ತೆಗೀರಿ. ಪೊಲೀಸ್."

ಗಳಕ್.

ಅಜ್ಜನ ಗಂಟಲ ಗುಬಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಕಿಟಕಿಯ ಆಚೆ ಇದ್ದ ಪಂಚರು ಕೂಡ ಉಗುಳು ನುಂಗಿದರು.

"ನುಂಗಿಬಿಟ್ಟ ಮೇಡಂ!" ಎಂದು ಹೊನ್ನೇಶ್ ಕಿರುಚಿದ.

ಅಜ್ಜ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ. ಮುಖ ಬಿಳುಚಿತು. "ಅಯ್ಯೋ ಶಿವನೇ, ಹೊಟ್ಟೆಗೆ ಹೋಯ್ತು! ಕೂದ್ಲು ಐತೆ ಅದ್ರಾಗೆ! ಡಾಕ್ಟ್ರನ್ನ ಕರೀರಪ್ಪೋ!"

ದೊಡ್ಡಬೀರಪ್ಪ ಚಾಪೆಯಿಂದ ಎದ್ದು, ಅಂಗಿ ಇಳಿಸಿಕೊಂಡು, ಹಿತ್ತಾಳೆ ಕೊಳವೆಯನ್ನು ಬಹಳ ವಿನಯದಿಂದ ಅಜ್ಜನ ಕೈಗೆ ಕೊಟ್ಟ.

"ಡಾಕ್ಟ್ರು ಯಾಕಜ್ಜ? ಕೊಳವೆ ನಿಂದೇ, ಹೊಕ್ಕಳೂ ನಿಂದೇ. ತಕ್ಕೋ."

ಮಧ್ಯಾಹ್ನ ಮೂರು ನಲವತ್ತಕ್ಕೆ ಹಾಲಪ್ಪನನ್ನು ದಸ್ತಗಿರಿ ಮಾಡಲಾಯಿತು. ವಂಚನೆಯ ಕೇಸು, ಜೊತೆಗೆ ಮೌಢ್ಯ ನಿಷೇಧ ಕಾಯ್ದೆ. ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಬಾಳೆಹಣ್ಣು ತಿನ್ನಿ, ತಾನೇ ಹೊರಬರುತ್ತದೆ ಎಂದರು. ಆ ಹೊರಬರುವ ಸಾಕ್ಷ್ಯಕ್ಕೆ ಪಂಚರಾಗಿ ನಿಲ್ಲಲು ಇಡೀ ಅಜ್ಜಂಪುರದಲ್ಲಿ ಯಾರೂ ಒಪ್ಪಲಿಲ್ಲವಾದ್ದರಿಂದ, ಅದಿಲ್ಲದೆಯೂ ಕೇಸು ನಿಲ್ಲುತ್ತದೆ ಎಂದು ವಿದ್ಯಾಶ್ರೀ ತೀರ್ಮಾನಿಸಿದರು. ಜಪ್ತಿಯಾದ ಸೆಟ್ಟಿನ ಗುಳಿಯಲ್ಲಿ ತುಪ್ಪ, ಮಸಿ, ಕೂದಲು ಮೂರೂ ಕೂತಿದ್ದವು.

ಸುದ್ದಿ ಕಡೂರಿಗೆ ಅವರಿಗಿಂತ ಮೊದಲೇ ಮುಟ್ಟಿತ್ತು. ಕರಿಬಸಮ್ಮ ವಿದ್ಯಾಶ್ರೀಯವರನ್ನು ಠಾಣೆಯ ಮೆಟ್ಟಿಲ ಮೇಲೇ ಹಿಡಿದುಕೊಂಡಳು.

"ನಿಜವೇನ್ರೀ ಮೇಡಮ್ಮ? ನನ್ ಮಗಂಗೆ ತೆಗೆದ ಉಂಡೆ ಹೊಸದಲ್ವಂತೆ?"

"ಹೊಸದಲ್ಲ. ಎಷ್ಟೋ ಜನಕ್ಕೆ ಅದನ್ನೇ ತೆಗೆದಿದ್ದಾನೆ."

"ಎಲಾ ಇವನ! ಊರೋರ ಎಂಜಲು ಮದ್ದನ್ನ ನಮಗೆ ತೋರ್ಸಿದ್ನಾ? ದಕ್ಷಿಣೆ ಮಾತ್ರ ಹೊಸದಕ್ಕೆ ತಕ್ಕಂಡ!" ಅವಳಿಗೆ ಮೋಸಕ್ಕಿಂತ ಈ ಅವಮಾನವೇ ದೊಡ್ಡದಾಗಿತ್ತು. ಅದೇ ಸಿಟ್ಟಿನಲ್ಲಿ ಬಸವೇಶನ ರಟ್ಟೆ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದು, ಓಬಮ್ಮನ ಹೋಟೆಲಿನ ಮುಂದಿನ ಬೆಂಚಿನಲ್ಲಿ, ದಾರಿಯವರಿಗೆಲ್ಲ ಕಾಣುವಂತೆ ಕೂತಳು.

"ಇಕ್ಕು ಇಬ್ರಿಗೂ."

ಓಬಮ್ಮ ಎರಡು ತಟ್ಟೆಗೂ ಬಡಿಸಿದಳು. ಬೀದಿ ಅರ್ಧ ನಿಂತು ನೋಡಿತು. ಕರಿಬಸಮ್ಮ ತಟ್ಟೆ ಖಾಲಿ ಮಾಡಿ, "ಸಾರಿಗೆ ಉಪ್ಪು ಒಂಚೂರು ಕಮ್ಮಿ ಕಣೇ," ಎಂದಳು.

"ನಿನ್ ಬಾಯಿಗೆ ಯಾವಾಗ ಸರಿಯಾಗಿತ್ತು?" ಎಂದಳು ಓಬಮ್ಮ, ಕಣ್ಣೊರೆಸಿಕೊಳ್ಳುತ್ತ. ಮಂಡಿ ವ್ಯಾಪಾರಿ ಮೆಲ್ಲನೆ ಬಂದು ಬೆಂಚಿನ ತುದಿಯಲ್ಲಿ ಕೂತ. ಅವನ ಹಿಂದೆ ಇನ್ನಿಬ್ಬರು.

ಸಂಜೆ ಠಾಣೆಯಲ್ಲಿ ದೊಡ್ಡಬೀರಪ್ಪ ಹೇಳಿಕೆ ಬರೆದುಕೊಳ್ಳಲು ಹಾಲಪ್ಪನ ಎದುರು ಕೂತ. ಅಜ್ಜನ ಸೆಟ್ ಜಪ್ತಿಯಾಗಿತ್ತು, ಇವನದು ಇನ್ನೂ ಬೆಂಗಳೂರಿನಿಂದ ಬಂದಿರಲಿಲ್ಲ. ಕೆನ್ನೆ ಬತ್ತಿದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಜ್ಜ ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದ.

"ಮದ್ದು ತೆಗೆದೆ ಅಂತ ಸುಳ್ಳು ಹೇಳಿದ್ದು ಸರಿ. ಓಬಮ್ಮನ ಹೆಸರು ಯಾಕೆ ಹಿಡಿದೆ?"

ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದ.

"ಅವಳೇನು ಮಾಡಿದ್ಲು ನಿಂಗೆ?"

ಅಷ್ಟರಲ್ಲಿ ಹೊನ್ನೇಶ್ ಆರೋಪಿಗೆ ಊಟ ತಂದ. ಠಾಣೆಗೆ ಊಟ ಬರುವುದು ಓಬಮ್ಮನ ಹೋಟೆಲಿನಿಂದಲೇ. ಯಾರಿಗೆ ಎಂದು ಕೇಳಿ ತಿಳಿದೇ ಅವಳು ಅನ್ನವನ್ನು ಮೆತ್ತಗೆ ಹಿಸುಕಿ, ಸಾರು ಕಲಸಿ ಕಳಿಸಿದ್ದಳು. ಅಜ್ಜ ತಟ್ಟೆಯನ್ನು ನೋಡಿದ.

"ಅವತ್ತೂ ಹಿಂಗೇ ಮಾಡಿದ್ಲು," ಎಂದ. "ಹಲ್ಲೆಲ್ಲ ಉದುರಿ ಸೆಟ್ ಬರೋವರ್ಗೂ ಮನೆ ಬಿಟ್ಟು ಹೊರಗೆ ಹೋಗಿರ್ಲಿಲ್ಲ. ಬಂದ್ಮೇಲೆ ಅವಳ ಹೋಟ್ಲಿಗೆ ಹೋಗಿದ್ದೆ. ಸೆಟ್ ಹೊಸದು, ಕಚ್ತಿತ್ತು. ಚಪಾತಿ ಅಗಿಯಕ್ಕಾಗ್ದೆ ಒದ್ದಾಡ್ತಿದ್ದೆ. ಅವಳು ನೋಡಿದ್ಲು. ಕೇಳ್ಲೂ ಇಲ್ಲ, ಅನ್ನ ಕಲಸಿ ತಂದು, 'ಅಜ್ಜಂಗೆ ಹಲ್ಲಿಲ್ಲ, ಪಾಪ, ಇದನ್ನ ಉಣ್ಣಲಿ' ಅಂದ್ಲು. ಹೋಟ್ಲು ತುಂಬ ಜನ ಇದ್ರು. ಎಲ್ಲ ತಿರುಗಿ ನೋಡಿದ್ರು." ಅವನು ಟವೆಲ್ ಇನ್ನಷ್ಟು ಒತ್ತಿಕೊಂಡ. "ಈ ಬಾಯಿ ನೋಡೇ ಜನ ನನ್ ಹತ್ರ ಬರ್ತಿದ್ದದ್ದು. ಅವಳ ಮಾತು ಯಾರೂ ನಂಬದಂಗೆ ಆಗ್ಬೇಕಿತ್ತು, ಅಷ್ಟೆ."

"ಬೈದಳಾ?"

"ಬೈದಿದ್ರೆ ಮರ್ತುಬಿಡ್ತಿದ್ದೆ ಕಣಪ್ಪ."

ದೊಡ್ಡಬೀರಪ್ಪ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿ ಸಹಿ ಹಾಕಿಸಿದ. ಅಜ್ಜ ಊಟ ಮುಟ್ಟಲಿಲ್ಲ.

ಡ್ಯೂಟಿ ಮುಗಿಸಿ ಹೋಗುವಾಗ ಅವನು ಹಿಂದಿನ ಬೀದಿ ಹಿಡಿಯದೆ ಬಸ್‌ಸ್ಟ್ಯಾಂಡಿನ ದಾರಿಯಲ್ಲೇ ಹೋಗಿ, ಬೆಂಚಿನ ಮೇಲೆ ಕೂತು, ಓಬಮ್ಮನಿಗೆ ವಿಷಯ ಹೇಳಿದ. ಅವಳಿಗೆ ಆ ದಿನ ನೆನಪೇ ಇರಲಿಲ್ಲ. ನೆನಪಿಸಿಕೊಳ್ಳಲು ಸೌಟು ಕೆಳಗಿಟ್ಟಳು.

"ಅಯ್ಯೋ, ನಾನು ಒಳ್ಳೇದು ಮಾಡ್ದೆ ಅಂದ್ಕಂಡಿದ್ನಲ್ಲೋ," ಎಂದಳು. "ಒಳಗೆ ಕರೆದು ಕೊಡ್ಬೇಕಿತ್ತು."

ಮರುದಿನ ಬೆಳಿಗ್ಗೆ, ಹಾಲಪ್ಪನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕರೆದೊಯ್ಯುವ ಮೊದಲು, ಓಬಮ್ಮನ ಹೋಟೆಲಿನಿಂದ ಉಪ್ಪಿಟ್ಟು ಬಂತು. ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಬಟ್ಟೆ ಕಟ್ಟಿತ್ತು. ದೊಡ್ಡಬೀರಪ್ಪ ಅದನ್ನು ಒಳಗೆ ಅಜ್ಜನ ಮುಂದಿಟ್ಟು, ಹೊನ್ನೇಶನನ್ನೂ ಕರೆದುಕೊಂಡು ಹೊರಗೆ ಬಂದು, ಬಾಗಿಲಿಗೆ ಬೆನ್ನು ತಿರುಗಿಸಿ ನಿಂತ. ಒಳಗೆ ತಟ್ಟೆ ಸರಿಸಿದ ಸದ್ದಾಯಿತು.